ಎಲ್ಲರೂ ಪಾಸಾದ ವರ್ಷ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪೇಪರ್ ನೋಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಯಾವ ಜಿಲ್ಲೆ ಮೊದಲು, ಯಾವುದು ಕೊನೆ, ಯಾವ ಶಾಲೆಗೆ ಶೇಕಡಾ ಎಷ್ಟು ಎಂದು ಮನೆಯವರು ಓದಿ ಹೇಳಲು ಬಂದರೆ ಸಾಕಪ್ಪಾ ಸಾಕು ಎನ್ನಿಸುತ್ತದೆ. ಒಂದು ಕಾಲದಲ್ಲಿ ಅಂಥ ಅಂಕಿಗಳನ್ನು ತಯಾರು ಮಾಡಿದವಳು ನಾನು. ಇಡೀ ದಿನ ಒಲೆಯ ಮುಂದೆ ನಿಂತವಳಿಗೆ ಊಟ ಸೇರದ ಹಾಗೆ ನನಗೆ ಆ ಪುಟ ಸೇರುವುದಿಲ್ಲ.

ಅರವತ್ತರ ದಶಕದ ಮೊದಲಲ್ಲಿ ನಾನು ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಹೊಸದಾಗಿ ಮನೆ ಕಟ್ಟಿಸಿ ಬಂದವರು ಮಗಳನ್ನು ಸೇರಿಸುವ ಮೊದಲು ಪೇಪರಿನ ತುಂಡೊಂದನ್ನು ಕೈಯಲ್ಲಿ ಹಿಡಿದೇ ಬರುತ್ತಿದ್ದರು. ರಾಜ್ಯದ ಶಾಲೆಗಳ ಫಲಿತಾಂಶ ಅದರಲ್ಲಿ ಸಾಲಾಗಿ ಅಚ್ಚಾಗಿರುತ್ತಿತ್ತು. ನಮ್ಮದು ನಡುವೆ ಎಲ್ಲೋ. ಹೆಡ್‌ಮಿಸ್ಟ್ರೆಸ್‌ಗೆ ಅದೇ ಕೊರಗು.

ಕೊರಗಿಗೆ ಮದ್ದು ನಮ್ಮ ಕೈಯಲ್ಲೇ ಇತ್ತು. ಡಿಸೆಂಬರಿನಲ್ಲಿ ಶಾಲೆಯೇ ಒಂದು ಪರೀಕ್ಷೆ ನಡೆಸುತ್ತಿತ್ತು, ಸೆಲೆಕ್ಷನ್ ಅಂತ. ಅದರಲ್ಲಿ ಗೆದ್ದವರ ಅರ್ಜಿ ಮಾತ್ರ ಪಬ್ಲಿಕ್ ಪರೀಕ್ಷೆಗೆ ಹೋಗುತ್ತಿತ್ತು. ಉಳಿದವರು ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಬೇಕು. ಅರ್ಜಿ ಹಾಕದವರು ಶೇಕಡಾ ಲೆಕ್ಕಕ್ಕೆ ಬರುವುದಿಲ್ಲವಲ್ಲ. ಪಾಸಿಗೆ ಮೂವತ್ತೈದು ಸಾಕು. ಆ ವರ್ಷ ಹೆಡ್‌ಮಿಸ್ಟ್ರೆಸ್ ಸೆಲೆಕ್ಷನ್‌ಗೆ ನಲವತ್ತೈದು ಬೇಕೇ ಬೇಕು ಎಂದರು. ಪಟ್ಟಿ ಬರೆಯುವ ಕೆಲಸ ನನ್ನದು.

ಏಳು ಹುಡುಗಿಯರನ್ನು ಪಬ್ಲಿಕ್ ಪರೀಕ್ಷೆಗೆ ಕಳಿಸದೆ ನಿಲ್ಲಿಸಿದೆವು. ಆರು ಜನ ಬರೆದರೂ ಫೇಲಾಗುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಏಳನೆಯವಳು ಬಿಳೇಕಹಳ್ಳಿಯಿಂದ ಹೊಲದ ಬದುವಿನ ಮೇಲೆ ನಡೆದು ಬರುತ್ತಿದ್ದ ರೈತರ ಮಗಳು. ಲೆಕ್ಕದಲ್ಲಿ ನಲವತ್ತೊಂದು. ನಿಧಾನದ ಕೈ, ಆದರೆ ಮಾಡಿದ ಲೆಕ್ಕವೆಲ್ಲ ಸರಿ. ಅವಳಿಗೆ ಟೀಚರ್ ಆಗಬೇಕಿತ್ತು. ಅವಳ ಅಪ್ಪ ಒಮ್ಮೆ ಬಂದು ಹೇಳಿ ಹೋಗಿದ್ದ: "ಒಂದೇ ಸಲ ಅಮ್ಮಾರೇ. ಪಾಸಾದ್ರೆ ಟ್ರೈನಿಂಗ್‌ಗೆ ಕಳಿಸ್ತೀನಿ. ಇಲ್ಲಾಂದ್ರೆ ನಂಟ್ರ ಬಾಯಿ ಮುಚ್ಸಕ್ಕಾಗಕಿಲ್ಲ, ಮದ್ವೆ ಮಾಡ್ಬುಡ್ತೀನಿ."

ಅದು ಗೊತ್ತಿದ್ದೂ ಅವಳ ಹೆಸರು ಬಿಟ್ಟೆ. ಹೆಡ್‌ಮಿಸ್ಟ್ರೆಸ್ ಹತ್ತಿರ ಒಂದು ಸಲ ಕೇಳಿದೆ, ನಿಜ. "ಖಾತ್ರಿ ಕೊಡ್ತೀರಾ?" ಅಂದರು. ನಾನು ಪಟ್ಟಿ ಎತ್ತಿಕೊಂಡು ಹೊರಗೆ ಬಂದೆ. ಅಪ್ಪನಿಗೆ ತಿಳಿಸಬೇಕು ಎಂದಾಗ ಹುಡುಗಿ, "ನಾನೇ ಹೇಳ್ತೀನಿ ಮಿಸ್" ಅಂದಳು. ನನಗೂ ಅಷ್ಟೇ ಬೇಕಿತ್ತು. ಬೇರೆಯವರ ಮುಖ ನೋಡಿ ಕೆಟ್ಟ ಸುದ್ದಿ ಹೇಳುವುದೆಂದರೆ ನನಗೆ ಮೊದಲಿಂದಲೂ ಪುಕ್ಕಲು.

ಫಲಿತಾಂಶ ಬಂತು. ನೂರಕ್ಕೆ ನೂರು. ಹೆಡ್‌ಮಿಸ್ಟ್ರೆಸ್ ಪೇಡ ತರಿಸಿ, ಪೇಪರಿನ ಆ ಭಾಗ ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದರು. ಮಧ್ಯಾಹ್ನ ಅದರ ಮುಂದೆ ನಿಂತಿದ್ದಾಗ ಅವಳ ಅಪ್ಪ ಸೈಕಲ್ ತಳ್ಳಿಕೊಂಡು ಒಳಗೆ ಬಂದ. ಹಿಂದಿನ ಕ್ಯಾರಿಯರ್ ಮೇಲೆ ಹಗ್ಗದಲ್ಲಿ ಬಿಗಿದ ದೊಡ್ಡ ಹಲಸಿನ ಹಣ್ಣು.

"ನಿಮ್ಗೇಂತ ತಂದೆ ಅಮ್ಮಾರೇ. ತಿಲಕ್ ನಗರದಾಗೆ ಕ್ಷೌರದಂಗಡಿಯವ್ನು ಪೇಪರ್ ಓದಿ ಹೇಳ್ದ, ನಿನ್ ಮಗಳ ಸ್ಕೂಲ್ನಾಗೆ ಎಲ್ಲಾರೂ ಪಾಸು ಅಂತ. ಮಗಳು ನಂಬರ್ ಚೀಟಿ ಕಳಕೊಂಡೆ ಅಂತಾಳೆ. ಎಲ್ಲಾರೂ ಪಾಸು ಅಂದ್ಮೇಲೆ ನಂಬರ್ ಯಾಕೆ, ಅಲ್ವರಾ?"

ಹುಡುಗಿ ಮನೆಯಲ್ಲಿ ಹೇಳಿಯೇ ಇರಲಿಲ್ಲ. ಪರೀಕ್ಷೆಯ ಅಷ್ಟೂ ದಿನ ಇವನೇ ಅವಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬಂದು ಪರೀಕ್ಷೆ ನಡೆಯುವ ಶಾಲೆಯ ಗೇಟಿನ ಹತ್ತಿರ ಬಿಟ್ಟು ಹೋಗಿದ್ದನಂತೆ. ಆಮೇಲೆ ಅವಳು ಸಂಜೆಯ ತನಕ ಎಲ್ಲಿ ಕೂತಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಹೇಳಿದೆ. ಅಲ್ಲೇ, ಬೋರ್ಡಿನ ಮುಂದೆ ನಿಂತೇ ಹೇಳಿದೆ. ಅವನು ಗೋಡೆಯ ಮೇಲಿನ ಪೇಪರ್ ಚೂರನ್ನು ತುಂಬ ಹೊತ್ತು ನೋಡಿದ. ಓದಲು ಬಾರದವನು ಏನು ನೋಡಿದನೋ.

"ಮತ್ತೆ ಎಲ್ಲಾರೂ ಅಂತ ಹಾಕವ್ರಲ್ಲ ಅಮ್ಮಾರೇ."

"ಬರೆದವರೆಲ್ಲರೂ ಅಂತ," ಅಂದೆ.

"ಫೇಲಾದೋರು ಸೆಪ್ಟೆಂಬರ್ನಾಗೆ ಇನ್ನೊಂದ್ಸಲ ಕಟ್ಬೋದಂತಲ್ಲ. ಅದನ್ನಾರ ಕಟ್ಸಿ."

"ಅದು ಬರೆದು ಫೇಲಾದವರಿಗೆ ಮಾತ್ರ. ಇವಳು ಬರೆದೇ ಇಲ್ಲವಲ್ಲ."

ಅವನು ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹಗ್ಗ ಬಿಚ್ಚಿ ಹಣ್ಣನ್ನು ಜಗುಲಿಯ ಮೇಲೆ ಇಟ್ಟ. "ನಿಮ್ಗೇಂತಲೇ ತಂದಿದ್ದು, ಇಟ್ಕಳಿ," ಅಂದ. ಗೇಟಿನ ತನಕ ಹೋದವನು ತಿರುಗಿ, "ಫೇಲಾಗಾಕಾದ್ರೂ ಬಿಡ್ಬೇಕಿತ್ತು ಅಮ್ಮಾರೇ," ಅಂದ.

ಶ್ರಾವಣದಲ್ಲಿ ಮದುವೆಯಾಯಿತು. ಲಗ್ನಪತ್ರಿಕೆಯನ್ನು ಹುಡುಗಿಯೇ ಅಂಚೆಯಲ್ಲಿ ಕಳಿಸಿದ್ದಳು, ನನ್ನ ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಚೊಕ್ಕವಾಗಿ ಬರೆದು. ನಾನು ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಹೆಡ್‌ಮಿಸ್ಟ್ರೆಸ್ ಹಾಳೆ ಕೊಟ್ಟರು. ಪಟ್ಟಿ ಬರೆಯಲು ಕೂತೆ. ಐದು ಹೆಸರು ಬಿಟ್ಟೆ. ಆ ವರ್ಷವೂ ನಮಗೆ ನೂರಕ್ಕೆ ನೂರು ಬಂತು.