ಯೇಸುವಿನ ಕಾಲಿಗೊಂದು ಪೀಠ

ಅಪ್ಪನನ್ನು ನೆನೆಯದೆ ನಾನು ಒಂದು ದಿನವೂ ಕುಂಚ ಹಿಡಿದಿಲ್ಲ. ಕಿನ್ನಾಳದ ನಮ್ಮ ಮನೆಯಲ್ಲಿ ಮರದ ಗೌರಿ, ಗರುಡ ಕೆತ್ತುತ್ತಿದ್ದವನು ಅವನು. ಬಣ್ಣ ಬಳಿಯುವವಳು ನಾನು, ಬೈಯುವವಳೂ ನಾನೇ. ಉಬ್ಬಸವಿದ್ದವನಿಗೆ ಮರದ ಪುಡಿ ಆಗದು ಅಂದರೆ ಕೇಳಬೇಕಲ್ಲ! ಸಿದ್ದಾಪುರದ ಕಡೆಯ ಪಾದ್ರಿಯೊಬ್ಬರು ಬಂದು ಶಿಲುಬೆಯ ಮೇಲಿನ ಯೇಸು ಬೇಕೆಂದಾಗ ಹೂಂ ಅಂದುಬಿಟ್ಟ.

ನಮ್ಮಲ್ಲಿ ದೇವರ ಕಾಲನ್ನು ಗಾಳಿಯಲ್ಲಿ ಬಿಡುವ ಪದ್ಧತಿಯಿಲ್ಲ. ಅಪ್ಪ ಯೇಸುವಿಗೂ ಪೀಠ ಕೆತ್ತಿದ, ತಾವರೆ ಎಸಳು ಸಮೇತ. ಪಾದ್ರಿ ನೋಡಿ ನಕ್ಕರು.

"ಯಜಮಾನ್ರ, ಇದು ನಿಂತ ದೇವರಲ್ರಿ. ತೂಗುಹಾಕಿದ ಮನುಷ್ಯಾ."

ಚಹಾ ಕುಡಿಯುತ್ತ ಶಿಲುಬೆಗೇರಿಸುತ್ತಿದ್ದ ರೀತಿಯನ್ನೆಲ್ಲ ವಿವರಿಸಿದರು. ಕಂಬ ಮೊದಲೇ ನೆಟ್ಟಿರುತ್ತಿದ್ದರಂತೆ. ಅಪರಾಧಿ ಹೊರುತ್ತಿದ್ದದ್ದು ಅಡ್ಡಮರ ಮಾತ್ರ. ಅಂಗೈ ಮೈಭಾರಕ್ಕೆ ಹರಿದೀತೆಂದು ಮೊಳೆಯನ್ನು ಮಣಿಕಟ್ಟಿಗೆ ಹೊಡೆಯುತ್ತಿದ್ದರಂತೆ, ಕೆಲವರನ್ನು ಹಗ್ಗದಲ್ಲಿ ಕಟ್ಟುತ್ತಿದ್ದರಂತೆ. ಆಮೇಲೆ ಅಡ್ಡಮರವನ್ನು ಎತ್ತಿ ಕಂಬಕ್ಕೆ ಸಿಕ್ಕಿಸಿ, ಕಾಲಿಗೂ ಮೊಳೆ.

"ಜೋತುಬಿದ್ರ ಎದಿ ಬಿಗೀತೈತ್ರಿ. ಉಸುರು ಬಿಡಾಕ ಅದ ಮೊಳಿ ಹೊಡದ ಕಾಲ ಊರಿ ಮ್ಯಾಲ ಏಳಬೇಕು. ಕಾಲು ಮುರದ್ರಂದ್ರ ಮುಗೀತು. ಓದಿದವರು ಹಂಗ ಹೇಳ್ತಾರ."

ಅಪ್ಪ ತಾವರೆ ಎಸಳಿನ ಮೇಲೆ ಕೈಯಾಡಿಸಿದ. "ಹಂಗಾದ್ರ ಪೀಠ ಇರ್ಲಿ ಬಿಡ್ರಿ. ಉಸುರು ಬಿಡಾಕ ಆತಗೂ ಆಸರ ಬೇಕಲ್ಲ," ಅಂದ.

ನನಗೆ ಸಿಟ್ಟು ಬಂತು. "ಗಿರಾಕಿ ಕೇಳಿದಂಗ ಮಾಡಬೇಕಪ್ಪ, ನಿನ್ನ ಸೋಗು ಸಾಕು!" ಅಪ್ಪ ಸಂತೆಗೆ ಹೋದಾಗ ಗರಗಸ ಹಿಡಿದು ಪೀಠ ಕೊಯ್ದೆ. ಬಂದು ನೋಡಿದ. "ಕೊಯ್ದಿ ಏನವ್ವಾ," ಅಂದ, ಅಷ್ಟೇ. ಬೈದಿದ್ದರೆ ಎಷ್ಟೋ ಛಲೋ ಇತ್ತು.

ಆ ಮಳೆಗಾಲಕ್ಕೆ ಉಬ್ಬಸ ಜೋರಾಗಿ ಕೊಪ್ಪಳದ ಆಸ್ಪತ್ರೆಗೆ ಸೇರಿಸಿದೆವು. ಮಲಗಿದರೆ ಉಸಿರಾಡಲು ಆಗದು, ಕೂತೇ ಇರಬೇಕು. ಎತ್ತರದ ಮಂಚ, ಕಾಲು ನೆಲ ಮುಟ್ಟುತ್ತಿರಲಿಲ್ಲ. ಒಂದೊಂದು ಉಸಿರಿಗೂ ಅವನ ಪಾದ ಕೆಳಗೆ ಏನನ್ನೋ ಹುಡುಕುತ್ತಿತ್ತು. ಅಯ್ಯೋ ನನ್ನಪ್ಪ, ಆಗ ತಿಳಿಯಿತು ನನಗೆ. ನೆಲಕ್ಕೆ ಕೂತು ಎರಡೂ ಅಂಗೈ ಒಡ್ಡಿದೆ. ಅದರ ಮೇಲೆ ಕಾಲೂರಿ, ಒತ್ತಿ ಒತ್ತಿ ಉಸಿರು ಬಿಟ್ಟ.

"ಕೈ ನೋಯ್ತಾವೇನವ್ವಾ?"

"ಸುಮ್ನ ಒತ್ತಪ್ಪ," ಎಂದು ಗದರಿದೆ.

ಮೂರನೆಯ ದಿನ ಒತ್ತುವುದು ನಿಂತಿತು. ಆ ಭಾರ ನನಗೆ ಬೇಕು, ಇನ್ನೊಂದೇ ಸಲ, ಕೈ ಮುರಿದರೂ ಸರಿ.