ಬೆರಳು ತೂರಬಾರದ ಅಚ್ಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ವಿಕಿರಣ ಚಿಕಿತ್ಸೆಯ ಕೋಣೆಯ ದೀಪ ಆರಿಸಿ, ಗೋಡೆಗಳಿಂದ ಹೊರಡುವ ಕೆಂಪು ಲೇಸರ್ ಗೆರೆಗಳು ಮೇಜಿನ ಮೇಲೆ ಒಂದೇ ಚುಕ್ಕೆಯಲ್ಲಿ ಕೂಡುತ್ತವೆಯೇ ಎಂದು ಆಕೆ ಬಗ್ಗಿ ನೋಡುತ್ತಿದ್ದಾರೆ. ಕೂದಲೆಳೆಯಷ್ಟು ಆಚೀಚೆಯಾದರೂ ಆಗದು. ಗೆರೆಗಳು ಕೂಡಿವೆ. ದೀಪ ಹಾಕಿ, ಪಕ್ಕದ ಕೋಣೆಯ ಬಿಸಿನೀರಿನ ತೊಟ್ಟಿಗೆ ಉಷ್ಣಮಾಪಕ ಇಳಿಬಿಡುತ್ತಾರೆ.

ಜೊತೆಯವರ ಬಾಯಲ್ಲಿ ಇವರು ‘ಅಚ್ಚಿನಕ್ಕ’. ತಲೆ, ಕತ್ತಿನ ಕ್ಯಾನ್ಸರ್‌ಗೆ ವಿಕಿರಣ ಕೊಡುವಾಗ ರೋಗಿ ಅಲುಗದಂತೆ ಹಿಡಿಯುವ ಮುಖದ ಅಚ್ಚು ಮಾಡುವುದು ಇವರ ಕೆಲಸ. ತೂತುತೂತಾದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಮುಖದ ಮೇಲೆಳೆದು, ಆರಿ ಗಟ್ಟಿಯಾಗುವವರೆಗೆ ಕಾಯಬೇಕು. ರೋಗಿ ಹೆದರಿದನೆಂದು ಕರುಣೆಯಿಂದ ಬೇಗ ತೆಗೆದರೆ ಅಚ್ಚು ಕುಗ್ಗಿ ಸೊಟ್ಟಗಾಗುತ್ತದೆ. ಆಕೆ ತೆಗೆಯುವುದಿಲ್ಲ, ಅಷ್ಟು ಹೊತ್ತೂ ರೋಗಿಯ ಕೈ ಹಿಡಿದು ನಿಲ್ಲುತ್ತಾರೆ.

ಹಿಂದೆ ಇದೇ ಆಸ್ಪತ್ರೆಯಲ್ಲಿ ಗಾಲಿಕುರ್ಚಿ ತಳ್ಳುತ್ತಿದ್ದವರು. ಮಕ್ಕಳನ್ನು ಅತ್ತೆಯ ಮಡಿಲಿಗೆ ಹಾಕಿ ವಿಕಿರಣ ಚಿಕಿತ್ಸೆಯ ಡಿಪ್ಲೊಮಾ ಓದಿದರು. ಈಗ ದಿನಕ್ಕೆ ಮೂವತ್ತಕ್ಕೂ ಹೆಚ್ಚು ಮಂದಿ ಇವರ ಕೈ ಹಾದುಹೋಗುತ್ತಾರೆ. “ಊರವರ ಮುಖಕ್ಕೆಲ್ಲ ಅಚ್ಚು ಹಾಕ್ತೀಯ, ನಿನ್ ಮುಖ ಮನೇಲಿ ಯಾವಾಗ ತೋರಿಸ್ತೀಯ ಅಂತಾರೆ ನಮ್ಮತ್ತೆ” ಎಂದು ನಗುತ್ತಾರೆ.

ಮೊದಲ ರೋಗಿ ಒಂದು ಶಾಲೆಯ ವ್ಯಾಯಾಮದ ಮೇಷ್ಟ್ರು. ಗಂಟಲಲ್ಲಿ ಗಡ್ಡೆ. ನುಂಗಲಾಗದೆ ಸೊರಗಿದ್ದಾರೆ, ಅಂಗಿಯ ಕಾಲರಿನೊಳಗೆ ಕತ್ತು ತೇಲುತ್ತಿದೆ. ಚಿಕಿತ್ಸೆ ಶುರುವಾಗುವ ಮೊದಲು ಮಾಡಿದ ಅಚ್ಚನ್ನು ಬಿಗಿದು, ಆಕೆ ಕೆನ್ನೆಯ ಬಳಿ ಕಿರುಬೆರಳು ತೂರಿಸಿ ನೋಡುತ್ತಾರೆ. ಬೆರಳು ಹೋಗುವುದಿಲ್ಲ, ಅಂದರೆ ಅಚ್ಚು ಬಿಗಿಯಾಗಿದೆ. ಕಾಲರ್ ಒಂದು ಹೇಳುತ್ತಿದೆ, ಕೆನ್ನೆ ಇನ್ನೊಂದು.

“ನಿಮ್ ಶಾಲೇಲಿ ಎಷ್ಟು ಮಕ್ಕಳು ಮೇಷ್ಟ್ರೇ?”

ಮೇಷ್ಟ್ರು ನಾಲ್ಕು ಬೆರಳು ಎತ್ತುತ್ತಾರೆ. ಬಾಯಲ್ಲೇ ಹೇಳಿ ಎಂದು ಆಕೆ ಇನ್ನೊಮ್ಮೆ ಕೇಳುತ್ತಾರೆ.

“ನಾನೂರು,” ಎನ್ನುತ್ತಿದ್ದಂತೆ ಮೇಷ್ಟ್ರ ಕೆನ್ನೆ ಇಳಿಯುತ್ತದೆ. ಬೆರಳು ಸಲೀಸಾಗಿ ಒಳಗೆ.

“ಕೆನ್ನೆ ಉಬ್ಬಿಸ್ಕೊಂಡಿದ್ರಾ?”

“ಸೀಟಿ ಊದಿದ ಕೆನ್ನೆ ಅಕ್ಕ, ಕಷ್ಟ ಇಲ್ಲ,” ಅಚ್ಚಿನೊಳಗಿಂದ ಮೇಷ್ಟ್ರ ದನಿ. “ಈಗ ಆರಾಮಾಗಿದೆ, ಒತ್ತೋದಿಲ್ಲ. ಹೊಸ ಅಚ್ಚು ಅಂದ್ರೆ ಮತ್ತೆ ಎರಡು ದಿನ ತಡ. ಶಾಲೆ ತೆರೆಯೋ ದಿನ ನಾನು ಮೈದಾನದಲ್ಲಿರ್ಬೇಕು.”

“ನೀವು ಆರಾಮಾಗಿದೆ ಅಂದ್ರೇನೇ ನನಗೆ ಭಯ,” ಎಂದು ಆಕೆ ಅಚ್ಚು ಬಿಚ್ಚತೊಡಗುತ್ತಾರೆ.

ಸಂದಿಗೆ ಹತ್ತಿ ತುರುಕಿದರಾಯಿತಲ್ಲ ಎನ್ನುತ್ತಾರೆ ಯಂತ್ರ ನಡೆಸುವವರು. ಹೊರಗೆ ಸಾಲು ಬೆಳೆಯುತ್ತಿದೆ. “ಹತ್ತಿ ಇವತ್ತು ಒಂದ್ಕಡೆ ಕೂರುತ್ತೆ, ನಾಳೆ ಇನ್ನೊಂದ್ಕಡೆ. ಕಿರಣಕ್ಕೆ ಅದು ಗೊತ್ತಾಗುತ್ತಾ?” ಎಂದು ಆಕೆ ಕೇಳುತ್ತಾರೆ. ಗಡ್ಡೆಗೂ ಬೆನ್ನುಹುರಿಗೂ ನಡುವೆ ಇರುವುದು ಬೆರಳಗಲದ ಜಾಗ. ಕತ್ತು ಜಾರಿದರೆ ಗಡ್ಡೆಗೆ ಬೀಳಬೇಕಾದ ಕಿರಣ ಹುರಿಗೆ ಬೀಳುತ್ತದೆ. ಕಾಲು ಸ್ವಾಧೀನ ತಪ್ಪಬಹುದು. ಇಂದಿನ ಚಿಕಿತ್ಸೆ ನಿಲ್ಲಿಸಿ, ಆಕೆ ವಿಕಿರಣದ ಲೆಕ್ಕ ಹಾಕುವ ಭೌತವಿಜ್ಞಾನಿಯನ್ನು ಕರೆಯುತ್ತಾರೆ. ಅಚ್ಚು ಮತ್ತೆ ಬಿಗಿದು ತೆಗೆದ ಎಕ್ಸ್‌ರೇಯಲ್ಲಿ ತಲೆ ಸರಿಯಾಗಿಯೇ ಇದೆ, ಕತ್ತಿನ ಮೂಳೆ ಐದು ಮಿಲಿಮೀಟರ್ ಸರಿದಿದೆ. ಹೊಸ ಅಚ್ಚು, ಹೊಸ ಸ್ಕ್ಯಾನ್, ಹೊಸ ಲೆಕ್ಕ ಆಗಲೇಬೇಕೆಂದು ವೈದ್ಯರೂ ಹೇಳುತ್ತಾರೆ.

ಬಿಸಿ ಹಾಳೆ ಮತ್ತೆ ಮುಖಕ್ಕೆ ಬರುವಾಗ ಮೇಷ್ಟ್ರು ಮುನಿಸಿನಿಂದ ಕಣ್ಣು ಮುಚ್ಚಿಕೊಳ್ಳುತ್ತಾರೆ. ಆದರೆ ಆಕೆ ಚಾಚಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ಮೂರನೆಯ ಬೆಳಿಗ್ಗೆ ಪರದೆಯ ಮೇಲೆ ಇಂದಿನ ಎಕ್ಸ್‌ರೇಯ ಮೂಳೆಯ ಗೆರೆ ಲೆಕ್ಕದ ಗೆರೆಯ ಮೇಲೆಯೇ ಕೂರುತ್ತದೆ.

“ಉಸಿರಿಗಷ್ಟೇ ಜಾಗ ಬಿಟ್ಟಿದ್ದೀರಿ,” ಮೇಷ್ಟ್ರು ಗೊಣಗುತ್ತಾರೆ.

“ಅಷ್ಟು ಸಾಕು. ಕೆನ್ನೆ ಉಬ್ಬಿಸೋಕೆ ಜಾಗ ಬಿಟ್ಟಿಲ್ಲ.”

ಈ ಎರಡು ದಿನದ ತಡದಿಂದಾಗಿ, ಶಾಲೆ ತೆರೆಯುವ ದಿನವೂ ಮೇಷ್ಟ್ರು ಇದೇ ಮೇಜಿನ ಮೇಲೆ ಮಲಗಿರಬೇಕಾಗುತ್ತದೆ. ಅದು ಆಕೆಗೂ ಗೊತ್ತು. ದಪ್ಪ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೊರಗೆ ಪರದೆಯ ಮುಂದೆ ನಿಂತು ಆಕೆ ಮೆಲ್ಲಗೆ ಹೇಳುತ್ತಾರೆ:

“ಚಿಕಿತ್ಸೆ ಮುಗಿಯೋವರೆಗೆ ಈ ಅಚ್ಚು ಸರಿಯಾಗಿ ಕೂರಲಿ. ಆಮೇಲೆ ಮೇಷ್ಟ್ರು ಚೆನ್ನಾಗಿ ಉಂಡು, ಎಷ್ಟು ಅದುಮಿದ್ರೂ ಈ ಅಚ್ಚಿನೊಳಗೆ ಹಿಡಿಸ್ದೇ ಇರೋ ಹಂಗಾಗ್ಲಿ.”