ನೀವು ಹೆಸರು ಹೇಳಬ್ಯಾಡ್ರಿ

ಕಳಂಬೋಲಿಯ ನಮ್ಮ ಆಸ್ಪತ್ರೆಯಲ್ಲಿ ರೋಗಿಗಳ ಸುರಕ್ಷತೆಯ ಬಗ್ಗೆ ನಡೆಯುವ ಸಭೆಗೆ ಮೊದಲ ಸಲ ರೋಗಿಯ ಮನೆಯವರನ್ನೂ ಕರೆದಿದ್ದರು. ಬಂದವರು ಕಲಬುರಗಿ ಕಡೆಯ ಮಹಾದೇವಿ. ಗಂಡ ಕಬ್ಬಿಣದ ಮಾರ್ಕೆಟ್‌ನಲ್ಲಿ ಹಮಾಲಿ. ಅವರ ಕನ್ನಡವನ್ನು ಡಾಕ್ಟರುಗಳಿಗೆ ಮರಾಠಿಯಲ್ಲಿ ತಿಳಿಸುವ ಕೆಲಸ, ಆಫೀಸಿನಲ್ಲಿದ್ದ ಉಡುಪಿಯವನಾದ ನನ್ನ ಪಾಲಿಗೆ ಬಂತು.

“ನಮ್ಮ ಮನಿಯವ್ರಿಗಿ ಕಿವಿ ಮಂದ ಅದರಿ. ಸಿಸ್ಟರ್ ಬಂದು ‘ನೀವು ಗಣಪತ್ ಏನು?’ ಅಂತ ಕೇಳಿದ್ರು. ಇವ್ರು ಸುಮ್ನ ಹೂಂ ಅಂದ್ರು. ಬಾಜೂ ಮಂಚದವ್ರ ಇಂಜೆಕ್ಷನ್ ಇವ್ರಿಗಿ ಚುಚ್ಚಲಾಕ ಹೊಂಟಿದ್ರು. ನಾ ಕೈ ಹಿಡೀಲಿಲ್ಲಂದ್ರ ಜೀವಕ್ಕ ಬರ್ತಿತ್ತು.”

ಎದುರಿಗೆ ದೊಡ್ಡ ಡಾಕ್ಟರು ಕೂತಿದ್ದರು. ನಾನು ಮರಾಠಿಯಲ್ಲಿ, “ಹೆಸರಿನ ವಿಷಯದಲ್ಲಿ ಸ್ವಲ್ಪ ಗೊಂದಲ ಆಗಿತ್ತಂತೆ” ಎಂದೆ.

ಮಹಾದೇವಿ ನನ್ನ ಕಡೆ ತಿರುಗಿದರು. “ಸರ, ಇಪ್ಪತ್ತು ವರ್ಷ ಆತು ಇಲ್ಲೇ ಅದೀನಿ, ಮರಾಠಿ ತಿಳೀತದ. ನಾ ಅಷ್ಟು ಮೆತ್ತಗ ಹೇಳಿಲ್ಲ.”

ನನ್ನ ಮುಖ ಬಿಸಿಯಾಯಿತು. ಅವರು ಹೇಳಿದ್ದನ್ನು ಈ ಸಲ ಇದ್ದ ಹಾಗೆಯೇ ಹೇಳಿದೆ. ಡಾಕ್ಟರು, “ಹಾಗಾದರೆ ನಾವೇನು ಮಾಡಬೇಕು, ತಾಯಿ?” ಎಂದು ಅವರನ್ನೇ ಕೇಳಿದರು.

“ನೀವು ಹೆಸರು ಹೇಳಬ್ಯಾಡ್ರಿ. ಪೇಶಂಟ್ ಬಾಯಿಂದ ಹೇಳಸ್ರಿ. ಆಮ್ಯಾಲ ಅವ್ರ ಕೈಗಿ ಕಟ್ಟಿದ ಹೆಸರಿನ ಪಟ್ಟಿ ನೋಡ್ರಿ.”

ಮರುವಾರದಿಂದ ಎಲ್ಲ ವಾರ್ಡುಗಳಲ್ಲೂ ಅದೇ ನಿಯಮವಾಯಿತು. ಮುಂದಿನ ಸಭೆಗೂ ಮಹಾದೇವಿ ಬಂದರು, ನೇರವಾಗಿ ಮರಾಠಿಯಲ್ಲೇ ಮಾತಾಡಿದರು. ನನಗೆ ಚಹಾ ಕುಡಿಯುವುದೊಂದೇ ಕೆಲಸ ಉಳಿಯಿತು.